ನೆಲ ಒಡೆಯೋ ಮುಂಚೆ ಬಾಯ್ಲರ್ ಪಕ್ಕದ ಟ್ಯಾಂಕ್ ನೋಡಿ

ಕ್ಯಾಲಿಫೋರ್ನಿಯಾದ ಸನ್ನಿವೇಲ್, ಪಾಲೊ ಆಲ್ಟೊ ಕಡೆ ಐಕ್ಲರ್ ಮನೆಗಳು ಅಂತ ಇವೆ. ಜೋಸೆಫ್ ಐಕ್ಲರ್ ಎಂಬ ಬಿಲ್ಡರ್ ಇಂಥ ಸುಮಾರು 11,000 ಮನೆ ಕಟ್ಟಿದರು, ಹೆಚ್ಚಿನವು 1950, 60ರ ದಶಕದವು. ಕಾಂಕ್ರೀಟ್ ನೆಲದೊಳಗೇ ಪೈಪು ಹೂತಿರುತ್ತದೆ. ಬಾಯ್ಲರಿನ ಬಿಸಿನೀರು ಅದರಲ್ಲಿ ಸುತ್ತಿ ನೆಲ ಬೆಚ್ಚಗಾಗುತ್ತದೆ. ಮನೆಯೊಳಗೆ ಬರಿಗಾಲಲ್ಲಿ ಓಡಾಡುವ ನಮ್ಮವರಿಗೆ ಇದು ಬಲು ಇಷ್ಟ. ಇವುಗಳ ರಿಪೇರಿಯೇ ನನ್ನ ಕೆಲಸ.

ಬರುವ ಫೋನುಗಳಲ್ಲಿ ಒಂದು ಮಾತು ಸಾಮಾನ್ಯ: "ಸರ್, ಪ್ರೆಶರ್ ಇಳೀತಾ ಇದೆ. ನೆಲ ಒಡೀಬೇಕು ಅಂತಿದ್ದಾರೆ." ಒಡೆಯೋದು ಕೊನೆಗೆ. ಮೊದಲು ನಾನು ನೋಡೋದು ಎಕ್ಸ್‌ಪ್ಯಾನ್ಶನ್ ಟ್ಯಾಂಕ್. ಕಾದು ಹಿಗ್ಗಿದ ನೀರಿಗೆ ಜಾಗ ಕೊಡುವ ಟ್ಯಾಂಕ್ ಅದು; ಒಳಗೆ ರಬ್ಬರ್ ಪರದೆಯ ಒಂದು ಕಡೆ ನೀರು, ಇನ್ನೊಂದು ಕಡೆ ಗಾಳಿ. ಅದರ ತುದಿಯಲ್ಲಿ ಕಾರಿನ ಟೈರಿಗೆ ಇರುವಂಥದ್ದೇ ಗಾಳಿ ವಾಲ್ವ್ ಇರುತ್ತದೆ. ಅದರ ಪಿನ್ ಒತ್ತಿದಾಗ ಗಾಳಿಯ ಬದಲು ನೀರು ಬಂತೋ, ಒಳಗಿನ ರಬ್ಬರ್ ಹರಿದಿದೆ. ನೀರು ಕಾದರೆ ಹಿಗ್ಗುತ್ತದೆ, ಅಲ್ವಾ? ಹಿಗ್ಗಲು ಜಾಗವಿಲ್ಲದೆ ಪ್ರೆಶರ್ 30 ಪಿಎಸ್‌ಐ ಮುಟ್ಟುತ್ತದೆ, ರಿಲೀಫ್ ವಾಲ್ವ್ ನೀರು ಹೊರಹಾಕುತ್ತದೆ. ಆರಿದ ಮೇಲೆ ಗೇಜಿನ ಮುಳ್ಳು ಇರಬೇಕಾದ 12–15ಕ್ಕಿಂತ ಕೆಳಗೆ ಬಿದ್ದಿರುತ್ತದೆ. ಮನೆಯವರಿಗೆ ಕಾಣೋದು ಅಷ್ಟೇ. ಸುಮ್ನೆ ನೆಲದ ಮೇಲೆ ಅನುಮಾನ.

ಟ್ಯಾಂಕ್ ಸರಿಯಿದ್ದರೆ ಬಾಯ್ಲರ್ ಕಡೆಯ ವಾಲ್ವ್ ಮುಚ್ಚಿ, ಹೊಸ ನೀರು ಬರೋದನ್ನೂ ನಿಲ್ಲಿಸಿ, ನೆಲದ ಪೈಪಿಗಷ್ಟೇ ಗೇಜ್ ಹಾಕಿ ರಾತ್ರಿಯಿಡೀ ಬಿಡುತ್ತೇನೆ. ಹೊಸ ನೀರು ನಿಲ್ಲಿಸೋದು ತುಂಬಾ ಮುಖ್ಯ. ತಾನಾಗಿ ನೀರು ತುಂಬುವ ವಾಲ್ವ್ ತೆರೆದೇ ಇದ್ದರೆ ಸಣ್ಣ ಲೀಕ್ ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. ಗೇಜ್ ಚೆನ್ನಾಗಿಯೇ ತೋರಿಸುತ್ತದೆ. ಅಷ್ಟರಲ್ಲಿ ಹೊಸ ನೀರಿನ ಜೊತೆ ಬಂದ ಆಮ್ಲಜನಕ ಕಬ್ಬಿಣದ ಭಾಗಗಳಿಗೆ ತುಕ್ಕು ಹಿಡಿಸಿರುತ್ತದೆ.

ಬೆಳಿಗ್ಗೆ ಮುಳ್ಳು ಇಳಿದಿದ್ದರೆ ಮಾತ್ರ ನೆಲಕ್ಕೆ ಕೈ ಹಾಕೋದು. ಆಗಲೂ ಅಂದಾಜಿಗೆ ಒಡೆಯೋದಿಲ್ಲ. ತಣ್ಣಗಿರುವ ನೆಲಕ್ಕೆ ಬಿಸಿನೀರು ಬಿಟ್ಟು ಥರ್ಮಲ್ ಕ್ಯಾಮೆರಾ ಹಿಡಿಯುತ್ತೇನೆ. ಪೈಪುಗಳು ಬೆಳ್ಳಗಿನ ಗೆರೆಗಳಾಗಿ ಒಂದೊಂದೇ ಮೂಡುತ್ತವೆ. ಲೀಕ್ ಇದ್ದ ಕಡೆ ಗೆರೆ ಕದಡಿ ಅಗಲವಾದ ಮಚ್ಚೆಯಾಗುತ್ತದೆ. ತಾಮ್ರದ ಪೈಪಾದರೆ ಅಲ್ಲಷ್ಟೇ ಚೌಕ ಕತ್ತರಿಸಿ, ಬೆಸುಗೆ ಹಾಕಿ, ಮತ್ತೆ ಪ್ರೆಶರ್ ಪರೀಕ್ಷೆ ಮಾಡಿ ಮುಚ್ಚಿದರಾಯಿತು. ಹಳೇ ಟೈಲ್ಸ್ ಇದ್ದರೆ ಅದರಲ್ಲೂ ಅದರ ಅಂಟಿನಲ್ಲೂ ಆಸ್ಬೆಸ್ಟಾಸ್ ಇರಬಹುದು, ಕತ್ತರಿಸುವ ಮುಂಚೆ ಲ್ಯಾಬಿಗೆ ಕಳಿಸಲೇಬೇಕು.

ಉಕ್ಕಿನ ಪೈಪಿನ ಮಾತೇ ಬೇರೆ. ಕೊರಿಯಾ ಯುದ್ಧದ ಕಾಲಕ್ಕೆ ತಾಮ್ರ ಸಿಗದೆ ಕೆಲವು ಮನೆಗಳಿಗೆ ಉಕ್ಕು ಹಾಕಿದ್ದರು. ಅದು ಒಳಗೂ ಹೊರಗೂ ಸವೆದಿರುತ್ತದೆ, ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಸೋರುತ್ತದೆ. ಅಂಥವರಿಗೆ "ಇದಕ್ಕೆ ದುಡ್ಡು ಸುರಿಯಬೇಡಿ" ಅಂತ ನೇರವಾಗಿ ಹೇಳುತ್ತೇನೆ. ಕೆಲಸ ಕೈತಪ್ಪಿದರೂ ಸರಿ.

ಥರ್ಮಲ್ ಫೋಟೋಗಳನ್ನು ಪ್ರಿಂಟ್ ಮಾಡಿ ಬಾಯ್ಲರಿನ ಪಕ್ಕ ಅಂಟಿಸಿ ಬರುತ್ತೇನೆ. ಮುಂದೆ ಯಾರಾದರೂ ಹೊಸ ಫ್ಲೋರಿಂಗ್ ಹಾಕಲು ಬಂದರೆ ಅದನ್ನು ತೋರಿಸಿ. ಕಾರ್ಪೆಟ್ ಅಂಚಿನ ಪಟ್ಟಿಗೆ ಮೊಳೆ ಹೊಡೆಯಲು ಬಿಡಬೇಡಿ, ಅಂಟಿನಲ್ಲೇ ಕೂರಿಸಲು ಹೇಳಿ.