ಹಳೇ ಮೆಷಿನ್‌ನ ಮೊದಲ ವೃತ್ತ

ಪೀಣ್ಯದ ನಮ್ಮ ಶೆಡ್‌ನಲ್ಲಿರುವ ಎಚ್‌ಎಂಟಿ ಮಿಲ್ಲಿಂಗ್ ಮೆಷಿನ್ (ತಿರುಗುವ ಕಟರ್‌ನಿಂದ ಲೋಹ ಕೊರೆಯುವ ಯಂತ್ರ) ಇವತ್ತು ಮೊದಲ ಸಲ ಕಂಪ್ಯೂಟರ್ ಹೇಳಿದಂತೆ ಒಂದು ವೃತ್ತ ಕೊರೆಯಿತು. ತುಂಬಾ ಖುಷಿಯಾಗಿದೆ.

ಎರಕದ ಕಬ್ಬಿಣದ ಮೈ ಇನ್ನೂ ಗಟ್ಟಿಯಾಗಿದೆ. ಸವೆದಿದ್ದು, ಲೋಹದ ತುಂಡನ್ನು ಕೂರಿಸುವ ಟೇಬಲ್ಲನ್ನು ಸರಿಸುವ ಸ್ಕ್ರೂ. ಹ್ಯಾಂಡಲ್ ಹಿಂದಕ್ಕೆ ತಿರುಗಿಸಿದರೆ ಅರ್ಧ ಮಿಲಿಮೀಟರ್ ತನಕ ಟೇಬಲ್ ಕದಲುತ್ತಲೇ ಇರಲಿಲ್ಲ. ಈ ಸಡಿಲವನ್ನು, ಅಂದರೆ ಬ್ಯಾಕ್‌ಲ್ಯಾಷ್ ಅನ್ನು, ಸಾಫ್ಟ್‌ವೇರ್‌ನಲ್ಲೇ ಸರಿದೂಗಿಸಬಹುದು ನಿಜ. ಆದರೆ ಕಟರ್ ಟೇಬಲ್ಲನ್ನೇ ಎಳೆದರೆ ಆ ಲೆಕ್ಕ ನಿಲ್ಲುವುದಿಲ್ಲ. ಅದಕ್ಕೇ ಒಳಗೆ ಗುಂಡುಗಳು ಉರುಳುವ, ಸಡಿಲ ತೀರಾ ಕಡಿಮೆ ಇರುವ ಬಾಲ್ ಸ್ಕ್ರೂ, ಅದನ್ನು ಹೇಳಿದಷ್ಟೇ ತಿರುಗಿಸುವ ಸರ್ವೋ ಮೋಟಾರ್ ಹಾಕಿದೆವು.

ಕಂಟ್ರೋಲ್‌ಗೆ ಲಿನಕ್ಸ್‌ಸಿಎನ್‌ಸಿ, ಅಂದರೆ ಇಂಥ ಮೆಷಿನ್‌ಗಳನ್ನು ಕಂಪ್ಯೂಟರ್‌ನಿಂದ ನಡೆಸುವ ಸಾಫ್ಟ್‌ವೇರ್. ಇದರ ಬೇರು 1990ರ ದಶಕದಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಎಸ್‌ಟಿ ಬರೆಸಿದ ಪ್ರೋಗ್ರಾಂನಲ್ಲಿದೆ. ಎಲ್ಲರೂ ಬಳಸಲಿ ಅಂತ ಬಿಟ್ಟುಕೊಟ್ಟರು. ನಮ್ಮಂಥ ಸಣ್ಣ ಶೆಡ್‌ನವರಿಗೆ ಅದು ಎಷ್ಟು ದೊಡ್ಡ ಉಪಕಾರ ಅಲ್ವಾ! ಈ ಸಾಫ್ಟ್‌ವೇರ್ ಟೇಬಲ್ ಎಲ್ಲಿದೆ ಅಂತ ಸೆಕೆಂಡಿಗೆ 1000 ಸಲ ನೋಡಿ ತಿದ್ದುತ್ತದೆ.

ಮೊದಲ ವಾರ ಲಿಮಿಟ್ ಸ್ವಿಚ್ (ಟೇಬಲ್ ಅಂಚು ದಾಟದಂತೆ ನಿಲ್ಲಿಸುವ ಸ್ವಿಚ್) ಸುಮ್‌ಸುಮ್ನೆ ಟ್ರಿಪ್ ಆಗುತ್ತಿತ್ತು. ಮೋಟಾರ್ ಕೇಬಲ್ ಪಕ್ಕದಲ್ಲೇ ಸ್ವಿಚ್‌ನ ಸಿಗ್ನಲ್ ವೈರ್ ಎಳೆದಿದ್ದೆ, ಕೇಬಲ್‌ನ ವಿದ್ಯುತ್ ಗದ್ದಲ ಅದಕ್ಕೆ ಸೇರುತ್ತಿತ್ತು. ಆ ಗದ್ದಲ ತಡೆಯುವ ಲೋಹದ ಹೊದಿಕೆ (ಶೀಲ್ಡ್) ಇರುವ ವೈರನ್ನು ಕೇಬಲ್‌ನಿಂದ ದೂರದಲ್ಲಿ ಎಳೆದ ಮೇಲೆ ನಿಂತಿತು.

ಇದೇ ಮೆಷಿನ್ ಮೇಲೆ ಕೈ ಪಳಗಿಸಿದ ನಮ್ಮ ಮೇಸ್ತ್ರಿ ಪಕ್ಕದಲ್ಲಿ ನಿಂತಿದ್ದರು. ಸ್ಕ್ರೀನ್ ನೋಡಲೇ ಇಲ್ಲ. ಕಟರ್ ಸದ್ದು ಕೇಳಿ, "ಫೀಡ್ ಜಾಸ್ತಿ ಆಯ್ತು ಕಣಪ್ಪ" ಅಂದರು. ಫೀಡ್, ಅಂದರೆ ಟೇಬಲ್ ಸರಿಯುವ ವೇಗ, ಇಳಿಸಿದೆ. ಫಿನಿಶ್ ಕನ್ನಡಿಯಂತೆ ಬಂತು. ಆ ಕಿವಿಯನ್ನು ಯಾವ ಪ್ರೋಗ್ರಾಂಗೆ ಕಲಿಸುವುದು ಅಂತ ಆಗಿನಿಂದ ಯೋಚಿಸುತ್ತಿದ್ದೇನೆ.