ಆನಿಂಗ್ ಹರಿದರೆ ನಾನು ಮೊದಲು ಗೋಡೆ ತಟ್ಟುತ್ತೇನೆ

ಮಂಗಳೂರಿನ ಬೈಕಂಪಾಡಿಯಲ್ಲಿ ನಮ್ಮದೊಂದು ಸಣ್ಣ ಶೆಡ್ ಉಂಟು. ಬಸ್ಸಿನ ಸೀಟು, ಲಾರಿಯ ಟಾರ್ಪಾಲು, ಅಂಗಡಿ ಮುಂದಿನ ಶೀಟು, ಇವೇ ದಿನದ ಕೆಲಸ. ಕೆಲವು ವರ್ಷಗಳಿಂದ ಒಳಗೇ ಮಲಗಿ ಅಡುಗೆ ಮಾಡಬಹುದಾದ ಗಾಡಿಗಳು, ಅಂದರೆ ಮೋಟರ್‌ಹೋಮ್‌ಗಳೂ ಬರುತ್ತಿವೆ. ಅವು ಬಂದರೆ ಹೆಚ್ಚಾಗಿ ಆನಿಂಗ್ ತೊಂದರೆಯೇ. ಗಾಡಿಯ ಬದಿಯಿಂದ ಹೊರಗೆ ಬಿಚ್ಚಿಕೊಳ್ಳುವ ಬಟ್ಟೆಯ ಚಪ್ಪರ ಇದೆಯಲ್ಲ, ಅದು.

ಮೇ ಕೊನೆ. ಪತ್ತನಾಜೆ, ಅಂದರೆ ತುಳುನಾಡಿನಲ್ಲಿ ಮಳೆಗಾಲಕ್ಕೆ ಮೊದಲು ಬರುವ ಆಚರಣೆಯ ದಿನ, ಕಳೆದು ಎರಡು ದಿನ ಆಗಿತ್ತು. ಉಡುಪಿಯ ಒಬ್ಬರು ಗಾಡಿ ತಂದರು. ಪಡುಕೆರೆಯ ಕಡಲ ತೀರದಲ್ಲಿ ರಾತ್ರಿ ಆನಿಂಗ್ ತೆರೆದಿಟ್ಟೇ ಮಲಗಿದ್ದರಂತೆ. ಗಾಳಿ ಎದ್ದು ಬಟ್ಟೆ ಮೂಲೆಯಿಂದ ಎರಡು ಗೇಣು ಹರಿದಿತ್ತು. ಬಟ್ಟೆಯನ್ನು ಹೊರಗೆ ಚಾಚಿ ಹಿಡಿಯುವ ಅಲ್ಯೂಮಿನಿಯಂ ಕೈಗಳಲ್ಲಿ ಒಂದು ಸ್ವಲ್ಪ ಬಾಗಿತ್ತು. "ಒಂದು ಹೊಲಿಗೆ ಹಾಕಿ ಕೊಡಿ ಮಾರಾಯ್ರೆ, ಮುಂದಿನ ವಾರ ಮಕ್ಕಳನ್ನು ಕೊಲ್ಲೂರಿಗೆ ಕರ್ಕೊಂಡು ಹೋಗ್ಲಿಕ್ಕುಂಟು" ಅಂದರು.

ಹೊಲಿದು ಕೊಡುವುದು ಅರ್ಧ ದಿನದ ಕೆಲಸ. ಆದರೆ ನಾನು ಸೂಜಿ ಮುಟ್ಟಲಿಲ್ಲ. ಅದಕ್ಕೆ ಕಾರಣ ಇದೆ.

ನನಗೆ ಬಂದ ಮೊದಲ ಆನಿಂಗ್ ಕೂಡ ಹೀಗೇ ಹರಿದದ್ದು. ತೇಪೆ ಚೆನ್ನಾಗಿ ಕೂತಿತ್ತು. ಗಿರಾಕಿ ಖುಷಿಯಿಂದ ಹೋದರು. ಜುಲೈಯಲ್ಲಿ ಅವರದ್ದೇ ಫೋನು. ಮರವಂತೆಯಲ್ಲಿ ಮಳೆ ನೀರು ತುಂಬಿ ಇಡೀ ಆನಿಂಗ್ ಗಾಡಿಯ ಗೋಡೆಯಿಂದ ಕಿತ್ತು ಬಂದಿತ್ತು. ನನ್ನ ತೇಪೆಗೆ ಏನೂ ಆಗಿರಲಿಲ್ಲ. ಆ ಹೊತ್ತಿಗೆ ಅದರ ಅಡಿಯಲ್ಲಿ ಯಾರೂ ಇರಲಿಲ್ಲ ಎಂಬುದೊಂದೇ ಸಮಾಧಾನ. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವರು ಬಟ್ಟೆ ತೋರಿಸಿದ್ದರು, ನಾನು ಬಟ್ಟೆ ಮಾತ್ರ ನೋಡಿದ್ದೆ.

ಭಾರದ ಲೆಕ್ಕ ನೋಡಿ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ಮಳೆ ಅಂದರೆ 1 ಲೀಟರ್ ನೀರು, 1 ಕಿಲೋ. 3.5 ಮೀಟರ್ ಉದ್ದ, 2.5 ಮೀಟರ್ ಅಗಲದ ಆನಿಂಗ್ ಅಂದರೆ 8.75 ಚದರ ಮೀಟರ್. ಬಟ್ಟೆ ಜೋಲು ಬಿದ್ದು 10 ಮಿಲಿಮೀಟರ್ ಮಳೆ ಅದರಲ್ಲೇ ನಿಂತರೆ 87 ಕಿಲೋಗೂ ಜಾಸ್ತಿ. ನಮ್ಮ ಜೂನ್ ಮಳೆಗೆ 10 ಮಿಲಿಮೀಟರ್ ಯಾವ ಲೆಕ್ಕ? ಅಷ್ಟೂ ಭಾರ ಬಂದು ಬೀಳುವುದು ಗೋಡೆಗೆ ಹಾಕಿದ ನಾಲ್ಕಾರು ಸ್ಕ್ರೂಗಳ ಮೇಲೆ.

ಹಾಗಾಗಿ ಈಗ ನನ್ನ ಕೈಗೆ ಮೊದಲು ಬರುವುದು ಸ್ಕ್ರೂಡ್ರೈವರ್. ಅದರ ಹಿಡಿಯಿಂದ, ಆನಿಂಗನ್ನು ಗೋಡೆಗೆ ಹಿಡಿದಿಡುವ ಬ್ರಾಕೆಟ್ ಸುತ್ತ ಗೋಡೆ ತಟ್ಟುತ್ತೇನೆ. ಒಳಗಿನ ಪ್ಲೈವುಡ್ ಗಟ್ಟಿ ಇದ್ದರೆ 'ಟಕ್' ಅನ್ನುತ್ತದೆ. ನೀರು ಕುಡಿದಿದ್ದರೆ ಸದ್ದು ಮೆತ್ತಗಾಗುತ್ತದೆ, 'ದಬ್' ಅಂತ.

ಉಡುಪಿಯವರ ಗಾಡಿಯಲ್ಲಿ ಮುಂದಿನ ಬ್ರಾಕೆಟ್ 'ಟಕ್' ಅಂದಿತು. ಹಿಂದಿನದು 'ದಬ್'.

ಆ ಬ್ರಾಕೆಟಿನ ಅಂಚಿಗೆಲ್ಲ ಯಾರೋ ದಪ್ಪಗೆ ಸಿಲಿಕಾನ್ ಬಳಿದಿದ್ದರು. ನೋಡಲಿಕ್ಕೆ ಗಟ್ಟಿಮುಟ್ಟು. ಕೆರೆದು ಸ್ಕ್ರೂ ತಿರುಗಿಸಿದರೆ ಅದು ಸುಮ್ನೆ ತಿರುಗುತ್ತಲೇ ಇತ್ತು, ಹಿಡಿತವೇ ಇಲ್ಲ. ಬ್ರಾಕೆಟ್ ಎತ್ತಿದ ಕೂಡಲೇ ಚಹಾ ಬಣ್ಣದ ನೀರು ಒಂದು ಗೆರೆ ಇಳಿಯಿತು. ತೂತಿಗೆ ಬೆರಳಿಟ್ಟೆ. ಪ್ಲೈವುಡ್ ನೆನೆಸಿಟ್ಟ ಅವಲಕ್ಕಿಯ ಹಾಗೆ ಉದುರಿತು. ಮಾಲೀಕರನ್ನು ಕರೆದು ಅವರ ಬೆರಳನ್ನೂ ಅಲ್ಲೇ ಇಡಿಸಿದೆ. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಇನ್ನೊಂದು ವಿಷಯ ಕರಾವಳಿಯಲ್ಲಿ ಗಾಡಿ ಇರುವವರಿಗೆ ಹೇಳಲೇಬೇಕು. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದ್ದು, ಬ್ರಾಕೆಟ್ ಅಲ್ಯೂಮಿನಿಯಂನದ್ದು. ಉಪ್ಪು ಗಾಳಿಯಲ್ಲಿ ಇವೆರಡು ಒಂದಕ್ಕೊಂದು ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ತಿನ್ನಿಸಿಕೊಳ್ಳುತ್ತದೆ. ಸ್ಕ್ರೂ ತಲೆಯ ಸುತ್ತ ಬಿಳಿ ಹುಡಿ ಕಂಡರೆ ಅದೇ ಗುರುತು. ಸ್ಟೀಲು ಹೊಳೆಯುತ್ತಿರುತ್ತದೆ, ಪಕ್ಕದ ತೂತು ದೊಡ್ಡದಾಗುತ್ತಿರುತ್ತದೆ. ನಡುವೆ ಒಂದು ನೈಲಾನ್ ವಾಷರ್ ಹಾಕಿ, ಸ್ಕ್ರೂವಿಗೆ ತುಕ್ಕು ತಡೆಯುವ ಪೇಸ್ಟ್ ಸವರಿದರೆ ಎಷ್ಟೋ ವರ್ಷ ಜಾಸ್ತಿ ಬರುತ್ತದೆ. ಇದನ್ನು ನನಗೆ ಹೇಳಿಕೊಟ್ಟವರು ಮಲ್ಪೆಯ ಬೋಟ್ ಕೆಲಸದವರು.

ಬಟ್ಟೆ ನೋಡಿದ್ದು ಆಮೇಲೆ. ಹರಿದ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಎಳೆದೆ. ಪೇಪರಿನ ಹಾಗೆ ಸೀಳಿತು. ಬಿಸಿಲಿಗೆ ಸತ್ತ ಬಟ್ಟೆ ಅದು. ಅಂಥದ್ದಕ್ಕೆ ಹೊಲಿಗೆ ಹಾಕಿದರೆ ಸೂಜಿ ಚುಚ್ಚಿದ ಗೆರೆಯಲ್ಲೇ ಮತ್ತೆ ಹರಿಯುತ್ತದೆ. ಬಟ್ಟೆ ಜೀವಂತ ಇದ್ದಿದ್ದರೆ ಮಾತು ಬೇರೆ. ಪಿವಿಸಿ ಶೀಟಾದರೆ ಬಿಸಿ ಗಾಳಿಯಲ್ಲಿ ತೇಪೆ ಬೆಸೆಯಬಹುದು. ಅಕ್ರಿಲಿಕ್ ನೇಯ್ಗೆ ಹಾಗೆ ಬೆಸೆದುಕೊಳ್ಳುವುದಿಲ್ಲ, ಅದನ್ನು ನಾನು ಹೊಲಿಯುತ್ತೇನೆ. ಹತ್ತಿ ನೂಲು ಬೇಡ, ಮಳೆಗೆ ಕೊಳೆಯುತ್ತದೆ. ಬಿಸಿಲು ತಡೆಯುವ ಪಾಲಿಯೆಸ್ಟರ್ ನೂಲು ಹಾಕಬೇಕು. ತೇಪೆಯ ಮೂಲೆಗಳನ್ನು ದುಂಡಗೆ ಕತ್ತರಿಸಬೇಕು, ಚೂಪು ಮೂಲೆ ಮೊದಲು ಏಳುತ್ತದೆ.

ಬಾಗಿದ ಕೈಯನ್ನು ನೆಟ್ಟಗೆ ಮಾಡಿಕೊಡಿ ಅಂತ ತುಂಬಾ ಜನ ಕೇಳುತ್ತಾರೆ. ನಾನು ಮಾಡುವುದಿಲ್ಲ. ಒಮ್ಮೆ ಬಾಗಿದ ಅಲ್ಯೂಮಿನಿಯಂ ಕೈಯನ್ನು ತಿರುಗಿ ಬಗ್ಗಿಸಿದರೆ ಅದೇ ಜಾಗದಲ್ಲಿ ಸೀಳು ಬಿಡುತ್ತದೆ. ಬೇರೆ ಕೈ ಸಿಕ್ಕಿದರೆ ಹಾಕುವುದು, ಇಲ್ಲವಾದರೆ ಇಲ್ಲ.

ಬಟ್ಟೆ ಮಾತ್ರ ಹೋಗಿದ್ದರೆ ಹೊಸ ಬಟ್ಟೆ ಹಾಕುತ್ತಿದ್ದೆ. ಕೈ ಮಾತ್ರ ಹೋಗಿದ್ದರೂ ಏನಾದರೂ ದಾರಿ ಇತ್ತು. ಗೋಡೆಯೇ ಹೋದ ಮೇಲೆ ರಿಪೇರಿ ಮಾಡಿಕೊಡುವುದು ಅಂದರೆ ಗಿರಾಕಿಯ ತಲೆ ಮೇಲೆ ಕಲ್ಲು ಕಟ್ಟಿಕೊಟ್ಟ ಹಾಗೆ. "ಇಳಿಸುವ" ಅಂದೆ. ಅವರಿಗೆ ಬೇಸರವಾಯಿತು. ಮೊಮ್ಮಕ್ಕಳು ಅದರ ಅಡಿಯಲ್ಲಿ ಕೂತು ಊಟ ಮಾಡುತ್ತಿದ್ದರಂತೆ.

ಇಳಿಸುವುದೂ ಸಣ್ಣ ಕೆಲಸ ಅಲ್ಲ. ಇವರದ್ದು ಬಟ್ಟೆ ಸುತ್ತಿಕೊಳ್ಳುವ, ಸ್ಪ್ರಿಂಗ್ ಇರುವ ರೋಲರ್. ಆ ಸ್ಪ್ರಿಂಗ್ ಯಾವಾಗಲೂ ಬಿಗಿದುಕೊಂಡೇ ಇರುತ್ತದೆ. ಪಿನ್ ಹಾಕಿ ಲಾಕ್ ಮಾಡದೆ ಕೈ ಬಿಚ್ಚಿದರೆ ತಿರುಗಿ ಹೊಡೆಯುತ್ತದೆ, ಬೆರಳು ಮುರಿಯುತ್ತದೆ. ಮನೆಯಲ್ಲೇ ಬಿಚ್ಚಲಿಕ್ಕೆ ಹೋಗಬೇಡಿ, ದಯವಿಟ್ಟು. ನಾವು ಇಬ್ಬರು ಎರಡು ತುದಿಯಲ್ಲಿ ನಿಂತು, ಪಿನ್ ಹಾಕಿ, ಆಮೇಲೆ ಇಳಿಸಿದೆವು. ತೂಗಿದರೆ 31 ಕಿಲೋ.

ಒಂದನ್ನು ಮಾತ್ರ ಬಿಚ್ಚಲಿಲ್ಲ. ಮೇಲೆ ಬಟ್ಟೆಯ ಅಂಚು ತೂರಿಸುವ ಅಲ್ಯೂಮಿನಿಯಂ ರೈಲು. ಎಷ್ಟೋ ಗಾಡಿಗಳಲ್ಲಿ ಮಾಡು, ಅಂದರೆ ಛಾವಣಿ, ಮತ್ತು ಗೋಡೆ ಸೇರುವ ಸಂದು ಅದರ ಹಿಂದೆಯೇ ಇರುತ್ತದೆ. ಇವರದ್ದೂ ಹಾಗೇ. ಪೂರ್ತಿ ತೆಗೆದುಬಿಡೋಣ ಅಂತ ರೈಲನ್ನೂ ಕಿತ್ತರೆ ಮಳೆಗೆ ಬಾಗಿಲು ತೆರೆದಿಟ್ಟ ಹಾಗೆ, ಅಲ್ವಾ? ಅದನ್ನು ಅಲ್ಲೇ ಬಿಟ್ಟು ಸಂದಿಗೆ ಹೊಸ ಸೀಲಂಟ್ ಹಾಕಿದೆವು.

ಗೋಡೆ ಒಣಗಲಿಕ್ಕೆ ಒಂಬತ್ತು ದಿನ ಬೇಕಾಯಿತು. ಫ್ಯಾನ್ ಇಟ್ಟು, ಬಲ್ಬ್ ಇಟ್ಟು. ಹಸಿ ಇದ್ದಾಗಲೇ ಮುಚ್ಚಿದರೆ ಒಳಗಿನ ಕೊಳೆ ಒಳಗೇ ಬೆಳೆಯುತ್ತದೆ. ಆಮೇಲೆ ಮಲ್ಪೆಯ ಫೈಬರ್ ಕೆಲಸದವರನ್ನು ಕರೆದೆ. ಜೂನ್ 1ಕ್ಕೆ ಮೀನುಗಾರಿಕೆ ನಿಂತು ಬೋಟುಗಳೆಲ್ಲ ದಡ ಸೇರಿದ್ದವು. ಅವರಿಗೆ ಪುರುಸೊತ್ತೇ ಇರಲಿಲ್ಲ. ಆದರೂ ಒಂದು ಸಂಜೆ ಬಂದು ಕೊಳೆತದ್ದನ್ನು ಕೆತ್ತಿ ತೆಗೆದು, ಹೊಸ ಮರ ಕೂರಿಸಿ, ಮೇಲೆ ಫೈಬರ್ ಎಳೆದು ಕೊಟ್ಟರು. ಕೊಲ್ಲೂರು ಪ್ರಯಾಣ ಮುಂದಕ್ಕೆ ಹೋಯಿತು.

ನೆರಳಿಗೆ ಬೇರೆ ದಾರಿ ಹುಡುಕಿದೆವು. ರೈಲು ಉಳಿದಿತ್ತಲ್ಲ. ಶಾಮಿಯಾನ ಹೊಲಿಯುವ ನಮ್ಮ ಟೈಲರ್ ದಪ್ಪ ಕ್ಯಾನ್ವಾಸಿನ ಒಂದು ಅಂಚಿಗೆ ಹಗ್ಗ ಹಾಕಿ ಹೊಲಿದರು. ಆ ಅಂಚನ್ನು ರೈಲಿಗೆ ತೂರಿಸುವುದು, ಆಚೆ ತುದಿಗೆ ಎರಡು ಕಂಬ, ನಾಲ್ಕು ಹಗ್ಗ. ಒಂದು ಕಂಬ ಒಂದು ಅಡಿ ಗಿಡ್ಡ ಮಾಡಿಸಿದೆ, ನೀರು ಒಂದು ಮೂಲೆಗೆ ಹರಿದುಹೋಗಲಿ ಅಂತ. ನಮ್ಮ ಮನೆಗಳ ಮಾಡಿಗೆ ಇಳಿಜಾರು ಕೊಟ್ಟವರು ತಿಳಿದೇ ಕೊಟ್ಟಿದ್ದಾರೆ. ಗಾಳಿ ಜೋರಾದರೆ ಹಗ್ಗ ಬಿಚ್ಚಿ, ಬಟ್ಟೆ ಎಳೆದು, ಮಡಚಿ ಒಳಗಿಡಬಹುದು. ಆದರೆ ಒದ್ದೆ ಬಟ್ಟೆ ಮಡಚಿಟ್ಟರೆ ಎರಡೇ ದಿನಕ್ಕೆ ಬೂಸ್ಟು ಹಿಡಿಯುತ್ತದೆ. ಮನೆಗೆ ಬಂದ ಕೂಡಲೇ ಹರಡಲೇಬೇಕು ಅಂತ ಅವರಿಗೆ ಎರಡೆರಡು ಸಲ ಹೇಳಿದ್ದೆ.

ನವರಾತ್ರಿಗೆ ಮೊದಲು ಗಾಡಿ ಮತ್ತೆ ಶೆಡ್ಡಿಗೆ ಬಂತು. ಗೋಡೆ ಈಗ ಗಟ್ಟಿ ಇದೆಯಲ್ಲ, ಹೊಸ ಆನಿಂಗ್ ಹಾಕಬಹುದಾ ಅಂತ ಕೇಳಲಿಕ್ಕೆ ಬಂದಿದ್ದರು. ಹಳೆಯ ಬ್ರಾಕೆಟ್ ಇದ್ದ ಜಾಗದಲ್ಲಿ ತಟ್ಟಿದೆ. 'ಟಕ್' ಅಂದಿತು. ಒಂದು ಗೇಣು ಕೆಳಗೆ ತಟ್ಟಿದೆ, ಅಲ್ಲೂ 'ಟಕ್'. ಹಾಕಬಹುದು ಅಂದೆ. ಅವರು ಹೆಂಡತಿಯ ಮುಖ ನೋಡಿದರು. ಹೆಂಡತಿ ಕ್ಯಾನ್ವಾಸೇ ಸಾಕು, ಇನ್ನೂ ಎರಡು ಹಗ್ಗ ಜಾಸ್ತಿ ಕೊಡಿ ಅಂದರು.