ಕುದುರೆಮುಖ ಹತ್ತುವ ಮುನ್ನ ಒಂದಿಷ್ಟು ಲೆಕ್ಕ

ಕುದುರೆಮುಖಕ್ಕೆ ಹೊರಡುವವರು ಮೊದಲು ಮಾಡಬೇಕಾದ್ದು ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್. ದಿನಕ್ಕೆ 300 ಜನರಿಗೆ ಮಾತ್ರ ಅನುಮತಿ. ಶನಿವಾರ, ಭಾನುವಾರದ ಟಿಕೆಟ್ ಬೇಗ ಮುಗಿಯುತ್ತದೆ, ಆದ್ದರಿಂದ ವಾರದ ಮಧ್ಯೆ ಹೋಗಿ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸುವುದೂ ಉಂಟು. ಅದನ್ನು ವಿಚಾರಿಸಿಕೊಂಡೇ ರಜೆ ಹಾಕಿ.

ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಕಳಸ. ಅಲ್ಲಿಂದ ಸಂಸೆ, ಮುಂದೆ ಚಾರಣ ಶುರುವಾಗುವ ಮುಳ್ಳೋಡಿಗೆ ಜೀಪು. ಆ ಕಲ್ಲುದಾರಿಗೆ ನಿಮ್ಮ ಕಾರು ಇಳಿಸಬೇಡಿ. ಜೀಪಿನ ಬಾಡಿಗೆ ಜಾಸ್ತಿ ಅನ್ನಿಸಬಹುದು. ಆದರೆ ನಾವು ಕೊಡುವ ದುಡ್ಡಲ್ಲಿ ನೇರವಾಗಿ ಊರಿನವರ ಕೈ ಸೇರುವುದು ಇದೇ: ಜೀಪು, ಗೈಡು, ಹೋಂಸ್ಟೇ. ಎಲ್ಲವನ್ನೂ ಪ್ಯಾಕೇಜಿನಲ್ಲಿ ಕೊಂಡರೆ ಅವರಿಗೆ ಸಿಗುವುದು ಕಡಿಮೆ. ಹೋಂಸ್ಟೇಯವರಿಗೆ ನೀವೇ ಫೋನ್ ಮಾಡಿ. ಬಿಸಿ ಕಡುಬು, ಚಟ್ನಿ ತಿಂದು ಬೇಗ ಹೊರಡಿ. ಬೆಟ್ಟದ ಮೇಲೆ ಟೆಂಟ್ ಹಾಕುವಂತಿಲ್ಲ, ಸಂಜೆಯೊಳಗೆ ಇಳಿಯಲೇಬೇಕು. ಹೋಗಿಬರುವ ದಾರಿ ಸುಮಾರು 20 ಕಿ.ಮೀ.

ಒಂಟಿ ಮರ ದಾಟಿದ ಮೇಲೆ ಹುಲ್ಲುಗಾವಲು ತೆರೆದುಕೊಳ್ಳುತ್ತದೆ. ಅಲ್ಲಿ ಸ್ವಲ್ಪ ಹೊತ್ತು ಕೂತು ನೋಡಿ. ಹುಲ್ಲಿನ ಬುಡದಿಂದ ನೀರು ಸದ್ದಿಲ್ಲದೆ ಜಿನುಗುತ್ತಿರುತ್ತದೆ. ಕಣಿವೆಯಲ್ಲಿ ಶೋಲಾ ಕಾಡು, ಅಂದರೆ ಬೆಟ್ಟದ ಮಡಿಲಲ್ಲಿ ಬೆಳೆಯುವ ಗಿಡ್ಡ ಮರಗಳ ನಿತ್ಯಹಸಿರು ಕಾಡು, ಅದರೊಳಗೆ ತೊರೆ. ಮಳೆ ನೀರನ್ನು ಹಿಡಿದಿಟ್ಟು ನಿಧಾನಕ್ಕೆ ಬಿಡುವುದು ಈ ಹುಲ್ಲು, ಈ ಕಾಡು. ತುಂಗಾ, ಭದ್ರಾ ಇದೇ ರಾಷ್ಟ್ರೀಯ ಉದ್ಯಾನದ ಗಂಗಾಮೂಲದಲ್ಲಿ ಹುಟ್ಟುತ್ತವೆ, ನೇತ್ರಾವತಿ ಹುಟ್ಟುವುದೂ ಇದೇ ಬೆಟ್ಟಸಾಲಿನಲ್ಲಿ. ಈ ಬೆಟ್ಟದಿಂದ ಏನು ಲಾಭ ಅಂತ ಯಾರಾದರೂ ಕೇಳಿದರೆ ಟಿಕೆಟ್ ದುಡ್ಡನ್ನು ತೋರಿಸಬೇಡಿ, ಈ ನೀರನ್ನು ತೋರಿಸಿ. ಶಿವಮೊಗ್ಗದಿಂದ ಮಂಗಳೂರಿನವರೆಗೆ ಎಷ್ಟು ಮನೆಗಳ ನಲ್ಲಿಗೆ ಬರುವುದು ಇದೇ ನೀರು, ಅಲ್ವಾ?

ಇದೇ ಬೆಟ್ಟಸಾಲಿನಲ್ಲಿ ಹಿಂದೆ ಕಬ್ಬಿಣದ ಅದಿರು ತೆಗೆಯುತ್ತಿದ್ದರು. ಸುಪ್ರೀಂ ಕೋರ್ಟ್ ಆದೇಶದಿಂದ 2005ರ ಕೊನೆಗೆ ಗಣಿ ನಿಂತಿತು. ಗಣಿ ಸಾವಿರಾರು ಜನರಿಗೆ ಕೆಲಸ ಕೊಟ್ಟಿದ್ದು ನಿಜ. ಈಗ ಕುದುರೆಮುಖ ಪೇಟೆಯಲ್ಲಿ ಖಾಲಿ ಕ್ವಾರ್ಟರ್ಸ್‌ಗಳಿವೆ, ಹತ್ತಿರದ ಲಕ್ಯಾ ಅಣೆಕಟ್ಟಿನ ಹಿಂದೆ ಗಣಿಯ ಹೂಳು ತುಂಬಿದೆ. ಕಾರ್ಕಳದ ಕಡೆಗೆ ಇಳಿಯುವವರು ಪೇಟೆಯನ್ನು ನೋಡಿಯೇ ಹೋಗಿ. 2012ರಲ್ಲಿ ಪಶ್ಚಿಮ ಘಟ್ಟದ 39 ತಾಣಗಳು ವಿಶ್ವ ಪರಂಪರೆ ಪಟ್ಟಿ ಸೇರಿದವು, ಅದರಲ್ಲಿ ಕುದುರೆಮುಖವೂ ಒಂದು.

ಪ್ರವಾಸ ಅಂದಮಾತ್ರಕ್ಕೆ ಬೆಟ್ಟಕ್ಕೆ ಏನೂ ಆಗುವುದಿಲ್ಲ ಅನ್ನಲು ಬಾರದು. ಏರುದಾರಿಯ ಕೆಲವು ಕಡೆ ಕಾಲುದಾರಿ ಎರಡು ಮೂರು ಕವಲಾಗಿದೆ. ಕೆಸರು ತಪ್ಪಿಸಲು ಒಬ್ಬರು ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ, ಹಿಂದಿನವರೂ ಅಲ್ಲೇ ಕಾಲಿಡುತ್ತಾರೆ. ಹುಲ್ಲು ಸತ್ತು, ಮುಂದಿನ ಮಳೆಗೆ ಮಣ್ಣು ಕೊಚ್ಚಿ, ಅದೇ ಹೊಸ ಕೊರಕಲು. ಶೂ ಕೆಸರಾದರೆ ಆಗಲಿ, ಹಳೇ ದಾರಿ ಬಿಡಬೇಡಿ.

ಮಳೆಗಾಲದಲ್ಲಿ ಇಂಬಳ ಧಾರಾಳ. ಉದ್ದ ಕಾಲುಚೀಲ, ಒಂದು ಪೊಟ್ಟಣ ಉಪ್ಪು ಇದ್ದರೆ ಸಾಕು. ಪ್ಲಾಸ್ಟಿಕ್ ಬಾಟಲಿ ಬೇಡ, ಸ್ಟೀಲಿನದು ತನ್ನಿ. ಮುಳ್ಳೋಡಿಯಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ, ಫೋನ್‌ಪೇ ಕೈಕೊಡುತ್ತದೆ. ಜೀಪಿಗೆ, ಗೈಡಿಗೆ, ಊಟಕ್ಕೆ ಬೇಕಾಗುವ ನಗದನ್ನು ಕಳಸದಲ್ಲೇ ತೆಗೆದಿಟ್ಟುಕೊಳ್ಳಿ.